ಅವರಿಗೆ ಬೇರೆ

ಮೆಟ್ರೊ ಬಾಗಿಲ ಮೇಲಿನ ಪಟ್ಟಿಯಲ್ಲಿ ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಸರಿಯುತ್ತಿವೆ, ಮುಂದಿನ ನಿಲ್ದಾಣ ಬೈಯಪ್ಪನಹಳ್ಳಿ, ನಡುವೆ ಎಲ್ಲೋ ಒಂದು ಚುಕ್ಕೆ ದೀಪ ಕೆಟ್ಟಿದೆ, ಆ ಜಾಗ ದಾಟುವಾಗ ಪ್ರತಿ ಅಕ್ಷರದಲ್ಲೂ ಒಂದು ತೂತು ಬಿದ್ದು ಮತ್ತೆ ಮುಚ್ಚಿಕೊಳ್ಳುತ್ತದೆ ಎಂದು ಸಂಘಮಿತ್ರಾ ನೋಡುತ್ತಿರುವಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು, ಖಾದರ್ ಸರ್, ಹಲಸೂರಿನ ರಕ್ತನಿಧಿಯ ಹಿರಿಯ ಟೆಕ್ನಿಷಿಯನ್, ಅಲ್ಲಿನ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ರೋಗಿಗಳ ದಾಖಲೆ ಸಾಗಿಸುವ ಕೆಲಸ ಅವಳ ಕೈಗೆ ಬಂದ ದಿನ ಒಮ್ಮೆ ನೋಡಿದ್ದು, ಮರುದಿನದಿಂದ ಅವರಿಗೆ ಮಗಳ ಮದುವೆಯ ರಜೆ, ಈಗ ಯಾಕೆ, ಹೊಸದು ಓಡಲು ಶುರುವಾಗಿ ಒಂಬತ್ತು ದಿನ, ಒಂದು ದೂರೂ ಬಂದಿಲ್ಲ — ಅಮ್ಮಾ, ನಮ್ಮ ಚಿರಾಗ್ ಎಲ್ಲಿ? ಯಾವ ಚಿರಾಗ್ ಸರ್? ಅದೇ ಅಮ್ಮಾ, ಹಳೇ ಸ್ಕ್ರೀನಲ್ಲಿ ಕೆಲವ್ರ ಹೆಸರು ಹತ್ಕೊಂಡಿರ್ತಿತ್ತಲ್ಲ, ಹಸಿರು ಪಟ್ಟಿ, ಒಳಗೆ ಕಪ್ಪಕ್ಷರ, ಅದಕ್ಕೆ ನಾವು ಚಿರಾಗ್ ಅಂತೀವಿ, ದೀಪ, ಹೊಸದ್ರಲ್ಲಿ ಒಂದೂ ಕಾಣ್ತಿಲ್ಲ, ರಜೆ ಮುಗ್ಸಿ ಇವತ್ತು ಹತ್ತಕ್ಕೆ ಬಂದೆ, ರಿಜಿಸ್ಟರ್ ನೋಡ್ತೀನಿ, ಜಟ್ಟೆಮ್ಮ, ಕಗ್ಗದಾಸಪುರ, ಒಂದು ಬ್ಯಾಗು ಬಿ ಪಾಸಿಟಿವ್, ಗಂಡ ತಗೊಂಡೋಗಿದಾನೆ, ಆ ಹೆಸರಿಗೆ ನಾಲ್ಕು ವರ್ಷದ ಹಿಂದೆ ಚಿರಾಗ್ ಹಚ್ಚಿದ್ದು ನಾನೇ ಅಮ್ಮಾ, ನನ್ನ ಕೈಯಾರೆ. ಅವಳು ಏನೋ ಕೇಳಿದಳು, ಯಾಕೆ ಹಚ್ಚಿದ್ದು ಎಂದೇ ಕೇಳಿರಬೇಕು, ಯಾಕಂದರೆ ಅವರು ಹೇಳುತ್ತಿದ್ದಾರೆ, ಪಾಠ ಹೇಳುವವರ ಹಾಗೆ ನಿಧಾನವಾಗಿ, ಉಸಿರು ಮಾತ್ರ ನಿಧಾನವಿಲ್ಲ — ಹೆರಿಗೆ ಮೇಲೆ ಹೆರಿಗೆ ಆದವ್ರಿಗೆ, ಹಿಂದೆ ರಕ್ತ ತಗೊಂಡವ್ರಿಗೆ, ಕೆಲವ್ರಿಗೆ ಮೈಯಲ್ಲಿ ಆಂಟಿಬಾಡಿ ಹುಟ್ಟುತ್ತೆ, ಗ್ರೂಪು ಒಂದೇ ಆದ್ರೂ ಎಲ್ಲಾ ಬ್ಯಾಗೂ ಆಗಲ್ಲ, ಆರಿಸಿ ಕೊಡ್ಬೇಕು, ಈಯಮ್ಮನಿಗಿರೋದು ವರ್ಷಗಳಾದ್ಮೇಲೆ ಮಲಗಿಬಿಡುತ್ತೆ, ಟೆಸ್ಟಲ್ಲಿ ಸಿಗಲ್ಲ, ಎಲ್ಲಾ ಸರಿ ಅಂತ ಬರುತ್ತೆ, ಹೊಸ ರಕ್ತ ಹೋದ್ಮೇಲೆ ಏಳುತ್ತೆ, ಐದಾರು ದಿನಕ್ಕೆ ಆ ರಕ್ತವನ್ನೆಲ್ಲಾ ಒಡೆಯುತ್ತೆ, ಕಿಡ್ನಿ ಹೋಗುತ್ತೆ, ಜೀವಾನೂ ಹೋಗ್ಬಹುದು, ಟೆಸ್ಟಿಗಿಂತ ನಮಗೆ ಆ ದೀಪಾನೇ ದೊಡ್ಡದು. ರೈಲು ಬೈಯಪ್ಪನಹಳ್ಳಿಯಲ್ಲಿ ನಿಂತಿದೆ, ಬಾಗಿಲು ತೆರೆದಿದೆ, ಯಾರೋ ಇಳಿದರು, ಯಾರೋ ಹತ್ತಿದರು, ಖಾದರ್ ಸರ್ ಕೇಳುತ್ತಿದ್ದಾರೆ — ಒಂದು ಹೇಳಮ್ಮಾ, ಚಿರಾಗ್ ಆ ಮಿಷಿನ್ನಿಂದ ಬರ್ಲಿಲ್ವಾ, ಇಲ್ಲಾ ನೀವು ತರ್ಲಿಲ್ವಾ? ಬರ್ಲಿಲ್ಲ ಸರ್, ಎಂದಳು ಸಂಘಮಿತ್ರಾ, ಅಷ್ಟು ಬೇಗ, ಅಷ್ಟು ಸಲೀಸಾಗಿ, ನಾಲಿಗೆಯ ತುದಿಯಲ್ಲೇ ಕಾದು ಕೂತಿತ್ತೇನೋ ಎಂಬ ಹಾಗೆ.

ಬರಲಿಲ್ಲವಂತೆ, ಬಂದಿತ್ತು, ಅಚ್ಚುಕಟ್ಟಾಗಿ ಬಂದಿತ್ತು, ಹಳೆಯ ತಂತ್ರಾಂಶ ಬರೆದ ಕಂಪನಿ ಮುಚ್ಚಿ ಹನ್ನೊಂದು ವರ್ಷ, ಒಳಗಿನ ಕಡತಗಳಿಗೆ ಬೀಗ, ಕೀಲಿ ಯಾರ ಹತ್ತಿರವೂ ಇಲ್ಲ, ಉಳಿದದ್ದು ಪರದೆಯೊಂದೇ, ಕಪ್ಪು ಪರದೆ, ಹಸಿರು ಅಕ್ಷರ, ಇಪ್ಪತ್ತನಾಲ್ಕು ಸಾಲು, ಎಂಬತ್ತು ಕಂಬ, ಒಟ್ಟು ಸಾವಿರದ ಒಂಬೈನೂರ ಇಪ್ಪತ್ತು ಮನೆ, ಅವಳ ಪ್ರೋಗ್ರಾಮು ಮನೆಮನೆಗೂ ಹೋಗಿ ಕದ ತಟ್ಟುತ್ತಿತ್ತು, ಇಲ್ಲಿ ಯಾರು, ಹೇಗಿದ್ದೀರಿ, ಜನಗಣತಿಯವರ ಹಾಗೆ, ಪ್ರತಿ ಮನೆಯೂ ಒಂದೇ ಒಂದು ಸಂಖ್ಯೆ ಹೇಳುತ್ತಿತ್ತು, ಆ ಸಂಖ್ಯೆಯಲ್ಲೇ ಎರಡೂ ಅಡಗಿರುತ್ತವೆ, ಅಕ್ಷರ ಯಾವುದು ಎಂಬುದು, ಅದರ ಲಕ್ಷಣವೇನು ಎಂಬುದು, ದಪ್ಪವೋ, ಕೆಳಗೆ ಗೆರೆಯೋ, ಮಿನುಗುವುದೋ, ಉಲ್ಟಾ ಬಣ್ಣವೋ, ಬರಿಯ ಜೆ ಆದರೆ ಎಪ್ಪತ್ತನಾಲ್ಕು, ಬೆಳಗಿದ ಜೆ ಆದರೆ ಎರಡು ಲಕ್ಷದ ಅರವತ್ತೆರಡು ಸಾವಿರದ ಇನ್ನೂರ ಹದಿನೆಂಟು, ಮೊದಲ ದಿನ ಆ ದೊಡ್ಡ ಸಂಖ್ಯೆ ಕಂಡು ನಕ್ಕಿದ್ದಳು, ಇದೇನು ಇಷ್ಟು ಭಾರದ ಜೆ, ಜೆ ಎ ಟಿ ಟಿ ಇ ಎಂ ಎಂ ಎ, ಎಂಟು ಮನೆ, ಎಂಟೂ ಬೆಳಗಿದ್ದವು, ಕಗ್ಗದಾಸಪುರದ ಪುಟ ಅದು, ಪರೀಕ್ಷೆಗೆಂದು ತೆರೆದದ್ದು ಅದೊಂದೇ ಪುಟ, ಅದರಲ್ಲಿ ನಾಲ್ಕು ಬೆಳಗಿದ ಹೆಸರು, ಜಟ್ಟೆಮ್ಮ, ಹುಲಿಗೆಮ್ಮ, ಭೀಮವ್ವ, ಇನ್ನೊಂದು ಯಾವುದೋ ಅವ್ವ, ನಾಲ್ಕೂ ಯಾದಗಿರಿ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಬಾಡಿಗೆ ಕೋಣೆಗಳಲ್ಲಿರುವವರ ಹೆಸರು, ಅದೇ ಪುಟದ ಅಪಾರ್ಟ್‌ಮೆಂಟಿನವರ ಹೆಸರುಗಳು ಮಾಮೂಲಿ ಹಸಿರಿನಲ್ಲಿ ತಣ್ಣಗಿದ್ದವು, ಅವಳು ಕೌಂಟರಿನಲ್ಲಿದ್ದ ಅಮೃತಮ್ಮನನ್ನು ಕೇಳಿದಳು, ಆಂಟಿ, ಇವರ ಹೆಸರು ಮಾತ್ರ ಯಾಕೆ ಹೀಗೆ, ಅಮೃತಮ್ಮ ಟಿಫನ್ ಡಬ್ಬಿಯ ಮುಚ್ಚಳ ತೆಗೆಯುತ್ತ ತಲೆಯನ್ನೂ ಎತ್ತದೆ ಹೇಳಿದರು — ಅಯ್ಯೋ ಅವ್ರಾ, ಅವ್ರಿಗೆ ಬೇರೆ ಕಣಮ್ಮ. ಬೇರೆ ಅಂದ್ರೆ? ಬೇರೆ ಅಂದ್ರೆ ಬೇರೆ, ಎಲ್ರಿಗೂ ಕೊಡೋದು ಅವ್ರಿಗೆ ಕೊಡಲ್ಲ, ಅವ್ರದ್ದು ಬೇರೆ ಇಟ್ಟಿರ್ತೀವಿ, ಚಿತ್ರಾನ್ನ ತಗೋತೀಯಾ? ಮುಗಿಯಿತು, ಅಲ್ಲಿಗೆ ನಿಂತಳು, ಖಾದರ್ ಸರ್ ನಂಬರು ಫೋನಿನಲ್ಲಿತ್ತು, ಮದುವೆಮನೆಯಲ್ಲಿದ್ದರೂ ಎತ್ತುತ್ತಿದ್ದರು, ಕೇಳಲಿಲ್ಲ, ಕೇಳುವುದೇನಿದೆ, ಆ ಮಾತಿನ ಅರ್ಥ ಅವಳಿಗೆ ಆರನೆಯ ವಯಸ್ಸಿನಿಂದ ಗೊತ್ತು.

ಅಜ್ಜಿ ದೊಡ್ಡಮುನಿಯಮ್ಮ ಕೆ.ಆರ್. ಪುರದ ಆಚೆ ಗುಲಾಬಿ ತೋಟದಲ್ಲಿ ಹೂ ಬಿಡಿಸುತ್ತಿದ್ದಳು, ಈಗ ಆ ತೋಟವಿಲ್ಲ, ಹದಿನಾಲ್ಕು ಅಂತಸ್ತಿನ ಎರಡು ಕಟ್ಟಡ ಇವೆ, ರಜೆಯಲ್ಲಿ ಅವಳೂ ಹಿಂದೆ ಹೋಗುತ್ತಿದ್ದಳು, ಹತ್ತು ಗಂಟೆಗೆ ತೋಟದ ಮನೆಯವರು ಕಾಫಿ ಕೊಡುತ್ತಿದ್ದರು, ಒಳ್ಳೆ ಕಾಫಿ, ಬೆಲ್ಲದ್ದು, ಒಂದು ದಿನ ಹೊಸದಾಗಿ ಬಂದ ಸೊಸೆ ಒಳಗಿನ ಲೋಟದಲ್ಲೇ ತಂದುಕೊಟ್ಟಳು, ಹೂವಿನ ಚಿತ್ರದ ಲೋಟ, ಸಂಘಮಿತ್ರಾ ಕೈ ಚಾಚಿದ್ದಾಳೆ, ಅತ್ತೆಯ ದನಿ ಒಳಗಿನಿಂದ, ಕೂಗಾಟವೇನಿಲ್ಲ, ಸೊಸೆಗೆ ಮನೆಯ ರೀತಿ ಕಲಿಸುವ ದನಿ, ಅವ್ರಿಗೆ ಬೇರೆ ಇದೆ ಕಣೆ, ಗೋಡೆ ಮೇಲಿದೆ ನೋಡು, ಅಜ್ಜಿ ನಗುತ್ತಲೇ ಹೂವಿನ ಲೋಟ ವಾಪಸು ಕೊಟ್ಟಳು, ಹೌದಮ್ಮಾ ನಮ್ದು ಬೇರೆ ಇದೆ, ಆ ನಗು, ಆ ನಗುವನ್ನು ಸಂಘಮಿತ್ರಾ ಇವತ್ತಿನವರೆಗೂ ಕ್ಷಮಿಸಿಲ್ಲ, ಅಪ್ಪ ಚಿಕ್ಕವೆಂಕಟಪ್ಪನೂ ಕ್ಷಮಿಸಲಿಲ್ಲ, ಅವಳು ಹುಟ್ಟುವ ಮೊದಲೇ ಅದನ್ನು ಕಂಡವನು, ಕಾರ್ಖಾನೆಯಲ್ಲಿ ಫಿಟ್ಟರಾದ ಮೇಲೆ ಬೌದ್ಧನಾದ, ಮಗಳ ಹೆಸರನ್ನು ಮಾತ್ರ ಓದಲಿ, ಹಣೆಯನ್ನು ಓದುವುದು ಬೇಡ ಎಂದು ಸಂಘಮಿತ್ರಾ ಎಂದಿಟ್ಟ, ಓದುವವರು ಬಿಡುತ್ತಾರೆಯೇ, ಸಿ.ವಿ. ರಾಮನ್ ನಗರದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ, ಸಂಘಮಿತ್ರಾನಾ, ಬೆಂಗಾಲಿನಾ ನೀವು? ಅಲ್ಲ ಆಂಟಿ, ಇಲ್ಲೇ, ಕೆ.ಆರ್. ಪುರದವಳು. ಓ, ಇಲ್ಲಿನವ್ರೇ, ಮುಂದೆ ಏನಾದ್ರೂ ಇದೆಯಾ ಹೆಸರಿಗೆ? ಇಲ್ಲ ಆಂಟಿ, ಅಷ್ಟೇ. ಅಷ್ಟೇನಾ. ಮರುದಿನ ಆಂಟಿಯ ತಂಗಿಯ ಮಗನಿಗೆ ತಟಕ್ಕನೆ ಅದೇ ಮನೆ ಬೇಕಾಯಿತು, ಬೆಂಗಾಲಿ ಎಂದಿದ್ದರೆ ಮೀನು ಬೇಯಿಸಬೇಡಿ ಎಂದಷ್ಟೇ ಹೇಳಿ ಕೀಲಿ ಕೊಡುತ್ತಿದ್ದಳು ಎಂದು ಅಪ್ಪ ನಕ್ಕ, ಅವಳು ನಗಲಿಲ್ಲ, ಹೀಗೆ ಇಂಗ್ಲಿಷಿನ ಹನ್ನೊಂದು ಅಕ್ಷರ ಒಂದು ಕಡೆ, ಅದರ ಹಿಂದಿನ ಬೆಳಕು ಇನ್ನೊಂದು ಕಡೆ, ಎರಡನ್ನೂ ಬೇರ್ಪಡಿಸುವುದು ಯಾರ ಕೈಯಲ್ಲೂ ಇಲ್ಲವೆಂದುಕೊಂಡಿದ್ದವಳ ಕೈಗೆ ಒಂದೇ ಒಂದು ಸಾಲು ಸಿಕ್ಕಿತು, ಅಕ್ಷರವನ್ನಷ್ಟೇ ಉಳಿಸು, ಉಳಿದದ್ದನ್ನು ಸೊನ್ನೆ ಮಾಡು, ಮೊದಲು ಬರೆದಾಗ ಲಕ್ಷಣಕ್ಕೆಂದೇ ಒಂದು ಕಾಲಂ ಇಟ್ಟಿದ್ದಳು, ಹದಿಮೂರು ಸಾವಿರ ಚಿಲ್ಲರೆ ಹೆಸರಲ್ಲಿ ನೂರ ಹನ್ನೆರಡಕ್ಕೆ ಗುರುತು, ಅಮೃತಮ್ಮನ ಚಿತ್ರಾನ್ನ ತಿಂದ ಮಧ್ಯಾಹ್ನ ಆ ಕಾಲಂ ಅಳಿಸಿದಳು, ಅವಳ ಮ್ಯಾನೇಜರ್ ಲಕ್ಷ್ಮಿಕಾಂತ ಸರ್ ದೊಮ್ಮಲೂರಿನ ಆಫೀಸಿನಲ್ಲಿ ಹಿಂದೆ ನಿಂತು ಕೇಳಿದ್ದರು, ಅದೇನೋ ಎಕ್ಸ್‌ಟ್ರಾ ಇತ್ತಲ್ಲಮ್ಮ? ಬರೀ ಅಲಂಕಾರ ಸರ್, ಬಣ್ಣ, ಅಕ್ಷರ ಬಂದ್ರೆ ಸಾಕು. ಸರಿ ಸರಿ, ಬಣ್ಣ ತಗೊಂಡು ಏನ್ಮಾಡ್ತಾರೆ. ಮತ್ತೆ ಓಡಿಸಿದಳು, ಜೆ ಎ ಟಿ ಟಿ ಇ ಎಂ ಎಂ ಎ ಬಂತು, ಎಪ್ಪತ್ತನಾಲ್ಕರಿಂದ ಶುರುವಾಗಿ, ಹಗುರಾಗಿ, ಎಲ್ಲರ ಹಾಗೆ, ಅವತ್ತು ಮನೆಗೆ ಹೋಗುವಾಗ ಒಂದು ಕಿಲೋ ದ್ರಾಕ್ಷಿ ಕೊಂಡಿದ್ದಳು, ಏನು ವಿಶೇಷ ಎಂದು ಅಪ್ಪ ಕೇಳಿದರೆ ಸುಮ್ಮನೆ ಎಂದಳು, ಒಳಗೆ ಎಷ್ಟು ಹೆಮ್ಮೆ, ಯಾರಿಗೂ ಹೇಳದ, ಹೇಳಬೇಕಾಗಿಲ್ಲದ ಹೆಮ್ಮೆ.

ಅಮ್ಮಾ, ಲೈನಲ್ಲಿದ್ದೀರಾ, ಎಲ್ಲಿದ್ದೀರಿ ನೀವು? ಸ್ವಾಮಿ ವಿವೇಕಾನಂದ ರಸ್ತೆ ಬಿಟ್ವು ಸರ್, ಮುಂದೆ ಇಂದಿರಾನಗರ. ಅಲ್ಲಾಹನ ದಯೆ, ಅಲ್ಲೇ ಇಳೀರಿ, ಸಿ.ಎಂ.ಎಚ್. ರೋಡಿಂದ ಎರಡನೇ ಕ್ರಾಸು, ನರ್ಸಿಂಗ್ ಹೋಮು, ನೀಲಿ ಗೇಟು, ರಿಸೆಪ್ಷನ್ನಲ್ಲಿ ಫೋನ್ ಎತ್ತಿ ಹೋಲ್ಡಿಗೆ ಹಾಕ್ತಾನೆ ಇದ್ದಾರೆ, ಹಾಡು ಕೇಳಿ ಕೇಳಿ ಸಾಕಾಯ್ತು, ಗಂಡನ ಮೊಬೈಲ್ ಸ್ವಿಚ್ಡ್ ಆಫ್, ಲ್ಯಾಬಲ್ಲಿ ನಾನೊಬ್ನೇ, ಬಿಟ್ಟು ಬರಂಗಿಲ್ಲ, ಮೊದಲ್ನೇ ಹನಿ ಬೀಳೋಕೆ ಮುಂಚೆ ಹೋಗ್ಬೇಕಮ್ಮಾ. ಹತ್ತು ನಲವತ್ತೊಂದು, ಗಂಡ ಹೊರಟದ್ದು ಹತ್ತಕ್ಕೂ ಮುಂಚೆ, ಆಟೊ ಸಿಕ್ಕಿದ್ದರೆ ಇಪ್ಪತ್ತು ನಿಮಿಷ, ಬ್ಯಾಗು ತಲುಪಿದ ಅರ್ಧ ಗಂಟೆಯೊಳಗೆ ಹಾಕಬೇಕಂತೆ, ಅಂದರೆ ಈಗ, ಅಂದರೆ ಈಗಲೇ, ಕೊಳವೆಯೊಳಗಿನ ಆ ಸಣ್ಣ ಗಾಜಿನಂಥ ಬುಡ್ಡಿ, ಅದರ ಮೇಲ್ಬಾಯಿಯಲ್ಲಿ ಒಂದು ಹನಿ ದುಂಡಗಾಗುತ್ತಿದೆ, ಕೆಂಪಗೆ, ಮೆಟ್ರೊ ಮೆಟ್ಟಿಲು ಇಳಿಯುತ್ತ ಎರಡೆರಡು ಹಾರುತ್ತಾಳೆ, ಗೇಟಿಗೆ ಕಾರ್ಡು ಮುಟ್ಟಿಸಿದರೆ ಓದುವುದಿಲ್ಲ, ಮತ್ತೆ, ಮತ್ತೆ, ಹಿಂದಿನವರು ಚ್ಚ್ ಎನ್ನುತ್ತಾರೆ, ತೆರೆಯಿತು, ಅಣ್ಣಾ ಎರಡನೇ ಕ್ರಾಸ್, ಅರ್ಜೆಂಟು, ಅಷ್ಟು ಹತ್ರಕ್ಕೆ ಆಟೊನಾ, ನಡ್ಕೊಂಡೋಗಿ ಮೇಡಂ ಮಂಡಿಗೆ ಒಳ್ಳೇದು, ಓಡುತ್ತಾಳೆ, ಫುಟ್‌ಪಾತಿನ ಕಲ್ಲು ಎದ್ದಿದೆ, ಬಟ್ಟೆ ಅಂಗಡಿಯವನ ಬೊಂಬೆ ದಾರಿಗಡ್ಡ, ಖಾದರ್ ಸರ್ ಫೋನು ಇಟ್ಟಿಲ್ಲ, ಕಿವಿಯಲ್ಲೇ ಇದ್ದಾರೆ, ಅವರಷ್ಟಕ್ಕೆ ಮಾತಾಡುತ್ತಿದ್ದಾರೆ, ಭಯಕ್ಕೆ ಮಾತಾಡುವ ಜಾತಿಯ ಮನುಷ್ಯ — ಹಳೇ ಮಿಷಿನ್ ಸ್ಟೋರಲ್ಲೇ ಇದೆ, ಈಗ ಹಾಕಿಸ್ತಿದ್ದೀನಿ, ಒಂಬತ್ತು ದಿನದಲ್ಲಿ ಬೇರೆ ಯಾರಿಗಾದ್ರೂ ಹೋಗಿದ್ಯಾ ನೋಡ್ತೀನಿ, ಇಂದಿರಾನಗರದ ಡಿಫೆನ್ಸ್ ಕಾಲೊನಿ ಕರ್ನಲ್ ಹೆಂಡ್ತಿಗಿದೆ ಚಿರಾಗು, ನಮ್ಮ ದೊಡ್ಡಾಸ್ಪತ್ರೆ ಡಾಕ್ಟ್ರಮ್ಮನಿಗಿದೆ, ನನ್ನ ಸ್ವಂತ ತಂಗಿ ಜಹನಾರಾಗಿದೆ, ಶಿವಾಜಿನಗರದಲ್ಲಿ, ಅಲ್ಲಾ, ಅವಳಿಗೆ ಮುಂದಿನ ತಿಂಗಳು ಆಪರೇಷನ್ನು. ಕರ್ನಲ್ ಹೆಂಡತಿ, ಎಂದು ಅವಳ ಕಾಲು ಒಂದು ಹೆಜ್ಜೆ ನಿಂತಿತು, ಕರ್ನಲ್ ಹೆಂಡತಿಗೂ, ಇಂದಿರಾನಗರದ ಪುಟ ತೆರೆದಿದ್ದರೆ, ಒಂದೇ ಒಂದು ಕೀಲಿ ಒತ್ತಿ ಮುಂದಿನ ಪುಟ ನೋಡಿದ್ದರೆ, ನಾಲ್ಕು ಹೆಸರು ಕಂಡು ನೂರ ಹನ್ನೆರಡರ ಜಾತಕ ಬರೆದವಳು ಅವಳು, ಮುಂದೆ ಏನಾದರೂ ಇದೆಯಾ ಹೆಸರಿಗೆ ಎಂದು ಕೇಳಿದ ಆಂಟಿಯೂ ಒಂದೇ ಹೆಸರು ನೋಡಿ ಬರೆದಳು, ಜಟ್ಟೆಮ್ಮ ಎಂಬುದನ್ನು ಓದಿದ ಕೂಡಲೇ ಅವಳ ಹಿಂದೆ ಗೋಡೆಯನ್ನೂ ಲೋಟವನ್ನೂ ಇಟ್ಟವಳು ಸಂಘಮಿತ್ರಾಳೇ ಹೊರತು ಅಮೃತಮ್ಮನಲ್ಲ, ಅಮೃತಮ್ಮ ಹೇಳಿದ್ದು ರಕ್ತದ ಬ್ಯಾಗಿನ ಮಾತಷ್ಟೇ, ಹನಿ ದುಂಡಗಾಗಿ ತೂಗುತ್ತಿದೆ, ನೀಲಿ ಗೇಟು.

ಮೊದಲ ಮಹಡಿ, ಐದು ಮಂಚದ ವಾರ್ಡು, ಡೆಟಾಲು ಮತ್ತು ಯಾರದೋ ಇಡ್ಲಿ ಸಾಂಬಾರಿನ ವಾಸನೆ, ಮೂರನೆಯ ಮಂಚದಲ್ಲಿ ಅವಳು, ಅವಳೇ ಇರಬೇಕು, ಮೂವತ್ತೈದರ ಹೆಂಗಸು, ತುಟಿ ಕಾಗದದ ಬಣ್ಣ, ಪಕ್ಕದಲ್ಲಿ ಗಂಡ ಖಾಲಿ ಥರ್ಮಕೋಲ್ ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಕಂಬಿಗೆ ಬ್ಯಾಗು ತೂಗಿದೆ, ಬ್ಯಾಗಿನ ಮೇಲೆ ಸಂಘಮಿತ್ರಾಳೇ ಜೋಡಿಸಿಕೊಟ್ಟ ಪ್ರಿಂಟರಿನ ಚೀಟಿ, ಬಿಳಿಯ ಮೇಲೆ ಕಪ್ಪು ಎಂಟು ಅಕ್ಷರ, ಅದರ ಕೆಳಗೆ ಬುಡ್ಡಿ, ಬುಡ್ಡಿಯಲ್ಲಿ ಹನಿ, ಬಿತ್ತು, ಇನ್ನೊಂದು, ಬಿತ್ತು — ನಿಲ್ಸಿ, ಸಿಸ್ಟರ್ ನಿಲ್ಸಿ, ಎಂದದ್ದು ತನ್ನ ದನಿಯೇ ಎಂದು ಅವಳಿಗೆ ಗೊತ್ತಾಗಲಿಲ್ಲ, ನರ್ಸು ತಿರುಗಿದಳು, ಎದೆಯ ಪಟ್ಟಿಯಲ್ಲಿ ಗಂಗಾ ಎಂದಿದೆ, ಯಾರ್ರೀ ನೀವು, ಡಾಕ್ಟ್ರಾ? ಅಲ್ಲ, ಬ್ಲಡ್ ಬ್ಯಾಂಕ್ ಕಡೆಯಿಂದ, ಈ ಬ್ಯಾಗ್ ಇವ್ರಿಗಲ್ಲ. ಇವ್ರಿಗಲ್ಲ ಅಂದ್ರೆ, ಹೆಸ್ರು ಇವ್ರದ್ದೇ, ಗ್ರೂಪು ಇವ್ರದ್ದೇ, ಮ್ಯಾಚ್ ಆಗಿದೆ ಅಂತ ನಿಮ್ಮವ್ರೇ ಸೀಲ್ ಹೊಡ್ದಿದಾರೆ, ಬೆಳಿಗ್ಗೆ ಸರಿ ಅಂತೀರಿ, ಹನ್ನೊಂದಕ್ಕೆ ತಪ್ಪು ಅಂತೀರಿ, ಊಟ ಆದ್ಮೇಲೆ ಏನಂತೀರಿ? ಹನಿ ಬಿತ್ತು, ಸಿಸ್ಟರ್ ಪ್ಲೀಸ್, ಎಂದು ಬಾಯಿ ತೆರೆದರೆ ಆಂಟಿಬಾಡಿ ಎಂಬ ಪದ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ, ಬಾಯಿಗೆ ಬಂದದ್ದು ಅದೊಂದೇ, ಇವ್ರಿಗೆ ಬೇರೆ ಸಿಸ್ಟರ್, ಎಲ್ರಿಗೂ ಕೊಡೋದು ಇವ್ರಿಗೆ ಕೊಡಂಗಿಲ್ಲ, ಇವ್ರಿಗೆ ಬೇರೆ ಕೊಡ್ಬೇಕು. ವಾರ್ಡಿನ ಐದೂ ಮಂಚ ಅವಳತ್ತ ತಿರುಗಿತು. ಗಂಡ ಎದ್ದು ನಿಂತ, ಡಬ್ಬಿ ಕೆಳಗಿಟ್ಟು, ನಿಧಾನವಾಗಿ — ಬ್ಯಾರೆ ಯಾಕ್ರೀ ಅಕ್ಕಾರ, ನಾವೇನು ಮನಷಾರಲ್ಲೇನ್ರಿ, ಎಲ್ಲಾರಿಗೂ ಕೊಡೂದ ನಮಗ್ಯಾಕ ಕೊಡಂಗಿಲ್ರಿ? ಅಜ್ಜಿ ಕೇಳದೆ ನುಂಗಿದ ಮಾತನ್ನು ಅವನು ಕೇಳುತ್ತಿದ್ದಾನೆ, ಅವಳನ್ನೇ ಕೇಳುತ್ತಿದ್ದಾನೆ, ಫೋನನ್ನು ನರ್ಸಿನ ಕೈಗೆ ತುರುಕಿದಳು, ಖಾದರ್ ಸರ್ ಗಂಟಲು ಅಷ್ಟು ದೂರಕ್ಕೂ ಕೇಳುತ್ತಿದೆ, ಹಲೋ ಸಿಸ್ಟರ್, ಖಾದರ್ ಮಾತಾಡೋದು, ಮೊದ್ಲು ನಿಲ್ಸಿ, ಆಮೇಲೆ ಬೈಯ್ರಿ, ಗಂಗಾಳ ಮುಖದಿಂದ ಬಿಸಿ ಇಳಿಯಿತು, ಹೆಬ್ಬೆರಳು ಕೊಳವೆಯ ಹನಿ ತಡೆಯುವ ಪುಟ್ಟ ಗಾಲಿಯ ಮೇಲೆ ಹೋಯಿತು, ಒತ್ತಿ ಉರುಳಿಸಿತು.

ಒಂದು ಹನಿ ಬೀಳಬೇಕಾದದ್ದು ಬೀಳಲಿಲ್ಲ. ಬುಡ್ಡಿಯ ಮೇಲ್ಬಾಯಿಯಲ್ಲೇ ನಿಂತಿದೆ, ಗಂಗಾ ಬ್ಯಾಗು ನೋಡಿ ಫೋನಿಗೆ ಹೇಳುತ್ತಿದ್ದಾಳೆ, ಮೂವತ್ತು ಎಂಎಲ್ ಹೋಗಿರ್ಬಹುದು ಸರ್, ಹ್ಞೂಂ, ಸೂಜಿ ಇಟ್ಕೊಂಡೇ ಸಲೈನ್ ಹಾಕ್ತೀನಿ, ಯೂರಿನ್ ಬಣ್ಣ ನೋಡ್ತೀವಿ, ಎಷ್ಟು ದಿನ, ಹದಿನಾಲ್ಕಾ, ಆಯ್ತು, ಬೇರೆ ಯಾವಾಗ ಕಳಿಸ್ತೀರಿ? ಮೂವತ್ತು ಎಂಎಲ್ ಅಂದರೆ ಎರಡು ದೊಡ್ಡ ಚಮಚ, ಅಷ್ಟು ಸಾಕೇ, ಅಷ್ಟು ಸಾಲದೇ, ಅವಳ ಮೈಯಲ್ಲಿ ಮಲಗಿದ್ದದ್ದು ಎರಡು ಚಮಚಕ್ಕೆ ಕಣ್ಣು ಬಿಡುತ್ತದೆಯೋ ಮಗ್ಗುಲು ಬದಲಿಸಿ ಮಲಗುತ್ತದೆಯೋ, ಹದಿನಾಲ್ಕು ದಿನ ಯಾರಿಗೂ ಗೊತ್ತಾಗುವುದಿಲ್ಲ, ಹುಲಿಗೆಪ್ಪ, ಕೂಡ್ರು, ಎಂದಿತು ಮಂಚದಿಂದ ಒಂದು ಒಣಗಿದ ದನಿ, ಜಟ್ಟೆಮ್ಮ ಗಂಡನ ಹೆಸರು ಹಿಡಿದು ಕರೆದಳು, ವಾರ್ಡಿನಲ್ಲಿ ಯಾರೋ ಕಿಸಕ್ಕೆಂದರು, ಆಯಕ್ಕ ಖರೇನ ಹೇಳ್ತಾಳ, ಕೂಡ್ರು, ನಾಕು ವರ್ಷದ ಹಿಂದ ಗಡ್ಡದ ಸಾಯೇಬ್ರು ಹೇಳಿದ್ರು, ತಂಗಿ ನಿನ್ನ ರಗತ ಬ್ಯಾರೆ ಅದ, ಎಲ್ಲಿ ಹೋದ್ರೂ ಮದ್ಲ ಹೇಳು ಅಂತ, ಮುಂಜಾನಿ ಈ ಸಿಸ್ಟರಗ ಹೇಳೀನ್ರಿ ನಾ. ಹೇಳಿದ್ರು, ಎಂದಳು ಗಂಗಾ, ಫೋನು ಕೆಳಗಿಳಿಸಿ, ಹೇಳಿದ್ರು ಮೇಡಂ, ನಾನು ನಿಮ್ಮ ಕೌಂಟರಿಗೆ ಫೋನ್ ಮಾಡಿ ಕೇಳ್ದೆ, ಅಮೃತಮ್ಮ ಅಂತ ಯಾರೋ ಸ್ಕ್ರೀನ್ ನೋಡಿ ಹೇಳಿದ್ರು, ಹೊಸ ಕಂಪ್ಯೂಟರಲ್ಲಿ ಅಂಥಾದ್ದೇನೂ ಇಲ್ಲ, ಪೇಷಂಟು ಏನೋ ತಪ್ಪು ತಿಳ್ಕೊಂಡಿರ್ಬೇಕು ಅಂತ. ಹೌದ್ರೀ, ಎಂದಳು ಜಟ್ಟೆಮ್ಮ, ಕಂಪ್ಯೂಟರ್‌ದಾಗ ಇಲ್ಲ ಅಂದ ಮ್ಯಾಲ ನಾ ಸುಮ್ಮನಾದೆ, ನಮ್ಮ ಮಾತು ಯಾರು ಕೇಳ್ತಾರ್ರೀ. ಜಟ್ಟೆಮ್ಮ ಹೇಳಿದ್ದಾಳೆ, ಬಾಯಿಬಿಟ್ಟು ಹೇಳಿದ್ದಾಳೆ, ಮರೆಯದೆ ನಾಲ್ಕು ವರ್ಷ ಇಟ್ಟುಕೊಂಡು, ಕೇಳಬೇಕಾದವರಿಗೇ ಹೇಳಿದ್ದಾಳೆ, ಅವಳು ಸುಳ್ಳಲ್ಲ ಎಂದು ಹೇಳುವುದಕ್ಕೆ ಇಡೀ ಊರಿನಲ್ಲಿ ಇದ್ದ ಒಂದೇ ಸಾಕ್ಷಿ ಎಂಟು ಮನೆಗಳ ಆ ಬೆಳಕು, ಆರಿಸುವುದೇ ಗೌರವವೆಂದುಕೊಂಡು ಅದನ್ನು ಆರಿಸಿ, ದ್ರಾಕ್ಷಿ ಕೊಂಡು ಮನೆಗೆ ಹೋದವಳು ಸಂಘಮಿತ್ರಾ, ಗಂಗಾ ಫೋನು ವಾಪಸು ಚಾಚುತ್ತಿದ್ದಾಳೆ, ಸರ್ ನಿಮ್ಮತ್ರ ಮಾತಾಡ್ಬೇಕಂತೆ, ಶುಕ್ರಿಯಾ ಅಮ್ಮಾ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಆ ಚಿರಾಗ್ ಯಾಕೆ ಬರ್ಲಿಲ್ಲ ಅಂತ ನಿಮ್ಮವ್ರು ಮಿಷಿನ್ ನೋಡ್ಲಿ, ಮಿಷಿನ್ನಿನ ತಪ್ಪಿಗೆ ನೀವು ಹೆದರ್ಬೇಡಿ — ಸರ್, ಎಂದಳು, ಬಂದಿತ್ತು ಸರ್, ನಾನೇ ತೆಗೆದೆ. ಜಟ್ಟೆಮ್ಮ ದಿಂಬಿನಿಂದ ತಲೆ ಸ್ವಲ್ಪ ಎತ್ತಿದಳು, ಏನ ತೆಗದ್ರೀ ಅಕ್ಕಾರ? ಬೈಗುಳವಿಲ್ಲ ಆ ದನಿಯಲ್ಲಿ, ತಿಳಿದುಕೊಳ್ಳಬೇಕೆಂಬುದಷ್ಟೇ, ತನ್ನದೇನೋ ಒಂದು ಹೋಗಿದೆ, ಅದು ಏನು ಎಂದು, ಏನು ತೆಗೆದೆ, ಹೆಸರೆಲ್ಲ ಇದೆ, ಒಂದಕ್ಷರವೂ ಹೋಗಿಲ್ಲ, ಏನು ತೆಗೆದೆ ಎಂದು ಹೇಳಲಿ, ಎಂದು ಕಣ್ಣು ಅವಳ ಮುಖದಿಂದ ಜಾರಿ ಕಂಬಿಯ ಮೇಲಕ್ಕೆ ಹೋಗುತ್ತದೆ, ಚೀಟಿ, ಚೀಟಿಯ ಕೆಳಗೆ ಬುಡ್ಡಿ, ಬುಡ್ಡಿಯ ಬಾಯಲ್ಲಿ ಆ ಹನಿ, ತುಂಬಿದ್ದು, ದುಂಡಗಿದ್ದು, ಕಿಟಕಿಯ ಬಿಸಿಲಿಗೆ ಒಳಗೆಲ್ಲ ಬೆಳಗಿದ್ದು, ಬೀಳದೆ, ಮೇಲಕ್ಕೂ ಹೋಗದೆ, ಹನಿ —